ಗಾಡಿ ನಡುಗುವುದೇಕೆ?
ಲಾರಿ, ಪಿಕಪ್ ಟೈರುಗಳ ಸಮತೂಕದ ಬಗ್ಗೆ ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಕೊಯ್ಲಿನ ಕಾಲ ಬಂತೆಂದರೆ ಬೆಳೆಗಾರನಿಗೆ ಆಳಿನ ಚಿಂತೆ ಒಂದು ಕಡೆ, ಗಾಡಿಯ ಚಿಂತೆ ಇನ್ನೊಂದು ಕಡೆ. ಅಡಿಕೆ ಕೊನೆ ಇಳಿಸುವ ಕೆಲಸ ನಡೆಯುತ್ತಿರುವಾಗಲೇ ಅರೇಬಿಕಾ ಹಣ್ಣಾಗುತ್ತದೆ. ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ ಕಾದಿರುತ್ತದೆ. ಈ ನಾಲ್ಕೈದು ತಿಂಗಳು ಗಾಡಿಗೆ ಬಿಡುವೆಂಬುದಿಲ್ಲ. ತೋಟದ ಮಣ್ಣುರಸ್ತೆ, ಊರಿನ ಜಲ್ಲಿರಸ್ತೆ, ಆಮೇಲೆ ಹೆದ್ದಾರಿ, ಕೆಲವರಿಗೆ ಚಾರ್ಮಾಡಿ ಅಥವಾ ಶಿರಾಡಿ ಘಾಟಿ. ಇಷ್ಟನ್ನೂ ಅದೇ ನಾಲ್ಕು ಅಥವಾ ಆರು ಟೈರುಗಳು ಹೊರಬೇಕು.

ಇಂತಹ ದಿನಗಳಲ್ಲಿ ಡ್ರೈವರು ಬಂದು, "ಸಾವ್ಕಾರ್ರೇ, ಅರವತ್ತರ ಮೇಲೆ ಹೋದ್ರೆ ಸ್ಟೀರಿಂಗ್ ನಡುಗ್ತದೆ" ಎಂದು ಹೇಳಿದರೆ, "ರಸ್ತೆನೇ ಹಾಗಿದೆ ಮಾರಾಯ, ನಿಧಾನಕ್ಕೆ ಹೋಗು" ಎಂದು ನಾವು ಸುಮ್ಮನಾಗುವುದೇ ಹೆಚ್ಚು. ರಸ್ತೆ ಕೆಟ್ಟಿರುವುದು ನಿಜವೇ. ಆದರೆ ಒಳ್ಳೆಯ ರಸ್ತೆಯ ಮೇಲೂ ಗಾಡಿ ನಡುಗುತ್ತಿದ್ದರೆ ತಪ್ಪು ರಸ್ತೆಯದಲ್ಲ, ಚಕ್ರದ್ದು. ಚಕ್ರದ ನಡುಕ ಒಂದು ಸೂಚನೆ. ಅದನ್ನು ಓದಿಕೊಂಡವನಿಗೆ ಕೆಲವೊಮ್ಮೆ ಒಂದು ಬಕೆಟ್ಟು ನೀರಿನಲ್ಲಿ ಕೆಲಸ ಮುಗಿಯುತ್ತದೆ. ಓದದೆ ಬಿಟ್ಟವನಿಗೆ ಮೊದಲು ಟೈರು, ನಂತರ ಬೇರಿಂಗು, ಕೊನೆಗೆ ಘಾಟಿಯ ತಿರುವಿನಲ್ಲಿ ಅದಕ್ಕಿಂತ ದೊಡ್ಡ ನಷ್ಟ ಕಾದಿರುತ್ತದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಸಮತೂಕ ಎಂದರೇನು?

ಚಕ್ರವೆಂದರೆ ಟೈರು, ಟ್ಯೂಬು, ರಿಮ್ಮು, ವಾಲ್ವು ಎಲ್ಲ ಸೇರಿದ ಒಂದು ವಸ್ತು. ಇದರ ತೂಕ ಸುತ್ತಲೂ ಒಂದೇ ಸಮನಾಗಿ ಹಂಚಿಕೊಂಡಿದ್ದರೆ ಅದು ಸಮತೂಕದ ಚಕ್ರ. ಒಂದು ಕಡೆ ಕೊಂಚ ಭಾರ ಹೆಚ್ಚಾದರೂ ಚಕ್ರ ತಿರುಗುವಾಗ ಆ ಭಾರ ಹೊರಕ್ಕೆ ಎಳೆಯತೊಡಗುತ್ತದೆ. ಹಗ್ಗಕ್ಕೆ ಕಲ್ಲು ಕಟ್ಟಿ ಬೀಸಿದರೆ ಕೈಯನ್ನು ಎಳೆಯುವುದಿಲ್ಲವೇ, ಅದೇ ಬಗೆಯ ಎಳೆತ ಇದು.

ಈ ಎಳೆತ ಎಷ್ಟೆಂಬುದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಸಾಮಾನ್ಯ ಪಿಕಪ್ ಗಾಡಿಯ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರು ಉರುಳುತ್ತದೆ. ಗಂಟೆಗೆ 60 ಕಿಲೋಮೀಟರು ವೇಗವೆಂದರೆ ನಿಮಿಷಕ್ಕೆ 1000 ಮೀಟರು. ಅಂದರೆ ಚಕ್ರ ನಿಮಿಷಕ್ಕೆ ಸುಮಾರು 450 ಸುತ್ತು ತಿರುಗುತ್ತದೆ. ರಿಮ್ಮಿನ ಒಳಮೈಯಲ್ಲಿ ಒಂದೇ ಕಡೆ ಅರ್ಧ ಕಿಲೋ ಕೆಸರು ಅಂಟಿ ಒಣಗಿದೆಯೆನ್ನಿ. ಆ ವೇಗದಲ್ಲಿ ಅದು ಸುಮಾರು 20 ಕಿಲೋ ಭಾರದಷ್ಟು ಬಲದಿಂದ ಚಕ್ರವನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಎಳೆಯುತ್ತದೆ. ಅದೂ ಒಂದು ಸೆಕೆಂಡಿಗೆ ಏಳೆಂಟು ಸಲ. ಯಾರೋ ಇಪ್ಪತ್ತು ಕಿಲೋದ ಸುತ್ತಿಗೆಯನ್ನು ಬಿಡದೆ ಬಡಿದಂತೆಯೇ ಸರಿ. ಬೇರಿಂಗಾಗಲಿ, ಕಿಂಗ್‌ಪಿನ್ನಾಗಲಿ ಎಷ್ಟು ಕಾಲ ತಾಳೀತು?

ಇಲ್ಲಿ ನೆನಪಿಡಬೇಕಾದ ನಿಯಮ ಒಂದಿದೆ. ವೇಗ ಎರಡರಷ್ಟಾದರೆ ಈ ಎಳೆತ ನಾಲ್ಕರಷ್ಟಾಗುತ್ತದೆ. ಅದೇ ಅರ್ಧ ಕಿಲೋ ಕೆಸರು 30 ಕಿಲೋಮೀಟರು ವೇಗದಲ್ಲಿ 5 ಕಿಲೋದಷ್ಟು ಮಾತ್ರ ಎಳೆಯುತ್ತದೆ, 80ರಲ್ಲಿ 36 ಕಿಲೋದಷ್ಟು. ಆದಕಾರಣವೇ ತೋಟದೊಳಗೆ, ಘಾಟಿಯ ಏರಿನಲ್ಲಿ ಏನೂ ತಿಳಿಯದ ದೋಷ ಹೆದ್ದಾರಿಗೆ ಬಂದ ಕೂಡಲೆ ತಲೆಯೆತ್ತುತ್ತದೆ. ಲಾರಿಯ ದೊಡ್ಡ ಚಕ್ರ ಅದೇ 60ರಲ್ಲಿ ನಿಮಿಷಕ್ಕೆ ಸುಮಾರು 300 ಸುತ್ತು ಮಾತ್ರ ತಿರುಗುವುದರಿಂದ ಅಲ್ಪಸ್ವಲ್ಪ ತೂಕದ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತದೆ. ಪಿಕಪ್ಪಿನ ಸಣ್ಣ ಚಕ್ರಕ್ಕೆ ಆ ಸೌಲಭ್ಯವಿಲ್ಲ.

ಇನ್ನೊಂದು ವಿಶೇಷವನ್ನು ಡ್ರೈವರುಗಳು ಗಮನಿಸಿರುತ್ತಾರೆ. ನಡುಕ ಒಂದು ವೇಗದಲ್ಲಿ ಜೋರಾಗಿದ್ದು, ಅದಕ್ಕಿಂತ ಹೆಚ್ಚಿಸಿದರೆ ಕಡಿಮೆಯಾದಂತೆ ತೋರುತ್ತದೆ. ತೊಟ್ಟಿಲನ್ನು ಅದರ ಲಯಕ್ಕೆ ಸರಿಯಾಗಿ ತೂಗಿದರೆ ಬೆರಳಿನ ಬಲಕ್ಕೇ ಜೋರಾಗಿ ಆಡುತ್ತದೆ, ಲಯ ತಪ್ಪಿಸಿ ತೂಗಿದರೆ ಆಡುವುದಿಲ್ಲ. ಗಾಡಿಯ ಆಕ್ಸಲು, ಸ್ಪ್ರಿಂಗುಗಳಿಗೂ ತಮ್ಮದೇ ಲಯವಿದೆ. ಚಕ್ರದ ಹೊಡೆತ ಆ ಲಯಕ್ಕೆ ಕೂಡಿದಾಗ ನಡುಕ ಎದ್ದು ಕಾಣುತ್ತದೆ. ವೇಗ ಹೆಚ್ಚಿಸಿ ನಡುಕ ಮರೆಯಾದರೆ ದೋಷ ಹೋಯಿತೆಂದು ತಿಳಿಯಬಾರದು. ಹೊಡೆತ ಹೆಚ್ಚೇ ಆಗಿರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ.

ಬ್ಯಾಲೆನ್ಸಿಂಗ್ ಬೇರೆ, ಅಲೈನ್‌ಮೆಂಟ್ ಬೇರೆ

ಇವೆರಡನ್ನು ಒಂದೇ ಎಂದು ತಿಳಿದು ಹಣ ಕಳೆದುಕೊಳ್ಳುವವರು ಬಹಳ. ಅಲೈನ್‌ಮೆಂಟ್ ಎಂದರೆ ಚಕ್ರಗಳು ನೆಲಕ್ಕೂ ಒಂದಕ್ಕೊಂದಕ್ಕೂ ಯಾವ ಕೋನದಲ್ಲಿ ನಿಂತಿವೆ ಎಂಬುದನ್ನು ಸರಿಪಡಿಸುವುದು. ಅದು ಕೆಟ್ಟರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಬ್ಯಾಲೆನ್ಸಿಂಗ್ ಎಂದರೆ ಒಂದೊಂದು ಚಕ್ರದ ತೂಕವನ್ನು ಅದರದರ ಸುತ್ತಲೂ ಸಮನಾಗಿಸುವುದು. ಅದು ಕೆಟ್ಟರೆ ನಡುಕ ಬರುತ್ತದೆ. ಎಳೆತಕ್ಕೆ ಅಲೈನ್‌ಮೆಂಟು, ನಡುಕಕ್ಕೆ ಬ್ಯಾಲೆನ್ಸು ಎಂದು ಸ್ಥೂಲವಾಗಿ ನೆನಪಿಟ್ಟುಕೊಂಡರೆ ಸಾಕು.

ಬ್ಯಾಲೆನ್ಸಿನಲ್ಲಿಯೂ ಎರಡು ಬಗೆಯಿದೆ. ಭಾರ ಚಕ್ರದ ಒಂದು ಕಡೆ ಹೆಚ್ಚಾಗಿದ್ದರೆ ಚಕ್ರ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಭಾರ ಒಳಮೈಯಲ್ಲಿ ಒಂದು ಕಡೆ, ಹೊರಮೈಯಲ್ಲಿ ಅದರ ಎದುರು ಕಡೆ ಇದ್ದರೆ ಚಕ್ರ ಎಡಕ್ಕೆ ಬಲಕ್ಕೆ ತಲೆಯಾಡಿಸುತ್ತದೆ. ಸ್ಟೀರಿಂಗು ಕೈಯಲ್ಲಿ ಅದುರುವುದು ಹೆಚ್ಚಾಗಿ ಈ ಎರಡನೆಯದರಿಂದ. ಮೊದಲನೆಯದನ್ನು ಮನೆಯಂಗಳದಲ್ಲಿಯೇ ಕಂಡುಹಿಡಿಯಬಹುದು. ಎರಡನೆಯದಕ್ಕೆ ಚಕ್ರವನ್ನು ವೇಗವಾಗಿ ತಿರುಗಿಸಿ ನೋಡುವ ಯಂತ್ರವೇ ಬೇಕು.

ನಡುಕವನ್ನು ಓದುವುದು ಹೇಗೆ?

ಮೆಕ್ಯಾನಿಕ್ಕಿನ ಬಳಿ ಹೋಗುವ ಮೊದಲು ನಾವೇ ಗಮನಿಸಿ ಗುರುತು ಮಾಡಿಕೊಳ್ಳಬೇಕಾದದ್ದು ಮೂರು: ಯಾವ ವೇಗದಲ್ಲಿ, ಎಲ್ಲಿ, ಯಾವಾಗ?

ಸ್ಟೀರಿಂಗು ನಡುಗಿದರೆ ದೋಷ ಮುಂದಿನ ಚಕ್ರಗಳಲ್ಲಿ. ಸೀಟು, ಕಾಲಡಿಯ ತಗಡು ನಡುಗಿದರೆ ಹಿಂದಿನ ಚಕ್ರಗಳಲ್ಲಿ ಅಥವಾ ಪ್ರೊಪೆಲ್ಲರ್ ಶಾಫ್ಟಿನಲ್ಲಿ. ಆಕ್ಸಿಲರೇಟರು ಒತ್ತಿದಾಗ ನಡುಗಿ, ಕಾಲು ತೆಗೆದರೆ ನಿಂತರೆ ಶಾಫ್ಟಿನ ಜಾಯಿಂಟ್ ಕ್ರಾಸನ್ನು ನೋಡಿಸಬೇಕು. ಬ್ರೇಕು ಒತ್ತಿದಾಗ ಮಾತ್ರ ನಡುಗಿದರೆ ಅದು ಬ್ರೇಕಿನ ಡ್ರಮ್ಮು ಅಥವಾ ಡಿಸ್ಕಿನ ಓರೆ. ಇದಕ್ಕೆ ಟೈರಿಗೆ ಎಷ್ಟು ತೂಕ ಕಟ್ಟಿದರೂ ಪ್ರಯೋಜನವಿಲ್ಲ.

ಐವತ್ತು ಅರವತ್ತರವರೆಗೆ ಏನೂ ಇಲ್ಲದೆ ಆಮೇಲೆ ಒಂದು ವೇಗದಲ್ಲಿ ನಡುಕ ಬಂದರೆ ಸಮತೂಕದ ದೋಷವೆಂದು ಬಹುಮಟ್ಟಿಗೆ ಹೇಳಬಹುದು. ಇಪ್ಪತ್ತು ಮೂವತ್ತರಲ್ಲಿಯೇ ಗಾಡಿ ಹೊಯ್ದಾಡಿದರೆ ರಿಮ್ಮು ಬಾಗಿದೆ ಅಥವಾ ಟೈರೇ ಒಳಗೆ ಹಾಳಾಗಿದೆ ಎಂದು ಅರ್ಥ. ಗುಂಡಿಗೆ ಇಳಿದೆದ್ದ ಕೂಡಲೇ ಮುಂದಿನ ಚಕ್ರಗಳೆರಡೂ ಹುಚ್ಚುಹಿಡಿದಂತೆ ಬಡಿದಾಡಿ, ಗಾಡಿ ನಿಲ್ಲಿಸಿದ ಮೇಲೆಯೇ ಸುಮ್ಮನಾದರೆ ಕಿಂಗ್‌ಪಿನ್, ಟೈರಾಡ್ ಎಂಡುಗಳು ಸವೆದಿರುವ ಸಂಭವ ಹೆಚ್ಚು. ಹಳೆಯ ಜೀಪು ಇಟ್ಟುಕೊಂಡವರಿಗೆ ಇದರ ಪರಿಚಯ ಚೆನ್ನಾಗಿಯೇ ಇರುತ್ತದೆ.

ಬೆಳಿಗ್ಗೆ ಹೊರಟಾಗ ಮೊದಲ ಎರಡು ಮೂರು ಕಿಲೋಮೀಟರು ಮಾತ್ರ ದಡ್ ದಡ್ ಎಂದು ಬಡಿದು ಆಮೇಲೆ ಸರಿಹೋದರೆ ಗಾಬರಿಯಾಗಬೇಕಿಲ್ಲ. ನೈಲಾನ್ ಟೈರುಗಳ ಸ್ವಭಾವವೇ ಅದು. ಓಡಿ ಬಿಸಿಯಾದ ಟೈರು ರಾತ್ರಿ ನಿಂತಲ್ಲೇ ತಣಿದಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ. ಮತ್ತೆ ಓಡಿ ಬಿಸಿಯಾದರೆ ದುಂಡಗಾಗುತ್ತದೆ. ಆದರೆ ಮಳೆಗಾಲದುದ್ದಕ್ಕೂ ಗಾಡಿಯನ್ನು ಶೆಡ್ಡಿನಲ್ಲಿ ಒಂದೇ ಕಡೆ ನಿಲ್ಲಿಸಿಬಿಟ್ಟರೆ ಈ ಚಪ್ಪಟೆ ಖಾಯಂ ಆಗಿ ಉಳಿಯಬಹುದು. ಹದಿನೈದು ದಿನಕ್ಕೊಮ್ಮೆಯಾದರೂ ಗಾಡಿಯನ್ನು ಸ್ವಲ್ಪ ಉರುಳಿಸಿ ನಿಲ್ಲಿಸಬೇಕು, ಗಾಳಿ ಇಳಿಯದಂತೆ ನೋಡಿಕೊಳ್ಳಬೇಕು. ಬಹಳ ಕಾಲ ನಿಲ್ಲಿಸುವುದಾದರೆ ಆಕ್ಸಲಿನ ಕೆಳಗೆ ದಿಮ್ಮಿ ಕೊಟ್ಟು ಎತ್ತಿಡುವುದು ಲೇಸು.

ದಿನದಿಂದ ದಿನಕ್ಕೆ ಹೆಚ್ಚುತ್ತಿರುವ ನಡುಕ ಎಲ್ಲಕ್ಕಿಂತ ಅಪಾಯದ್ದು. ಸೋಮವಾರ 50ರಲ್ಲಿದ್ದದ್ದು ಗುರುವಾರ 30ಕ್ಕೇ ಬಂತೆಂದರೆ, ಟೈರಿನ ಪಟ್ಟಿ ಒಳಗಿನ ಪದರದಿಂದ ಬಿಡಿಸಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಗಾಡಿ ನಿಲ್ಲಿಸಿ ಟೈರಿನ ಮೈಯನ್ನೆಲ್ಲ ನೋಡಿ, ಅಂಗೈಯಿಂದ ಮೆಲ್ಲಗೆ ಸವರಿ. ಉಬ್ಬು ಕೈಗೆ ಸಿಕ್ಕರೆ ಆ ಟೈರಿನಲ್ಲಿ ಇನ್ನೊಂದು ಲೋಡು ಹಾಕಲೇಬಾರದು. ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ಮನೆ ಸೇರಬೇಕು. ಇಂತಹ ಟೈರಿಗೆ ತೂಕ ಕಟ್ಟಿಸಿ ನಡುಕವನ್ನು ಅಡಗಿಸುವುದೆಂದರೆ ಜ್ವರ ಏರುತ್ತಿರುವ ರೋಗಿಗೆ ಕಂಬಳಿ ಹೊದಿಸಿ ಮುಚ್ಚಿಟ್ಟಂತೆ. ಸೂಚನೆ ನಿಂತುಹೋಗುತ್ತದೆ, ಒಡೆಯುವುದು ನಿಲ್ಲುವುದಿಲ್ಲ.

ಆದ್ದರಿಂದ ನಾವು ಒತ್ತಿ ಹೇಳುವುದಿಷ್ಟು: ತೂಕ ಕಟ್ಟಿಸುವುದು ಕೊನೆಯ ಕೆಲಸ, ಮೊದಲನೆಯದಲ್ಲ. ಅದಕ್ಕೂ ಮುಂಚೆ ನೋಡಬೇಕಾದದ್ದನ್ನು ಒಂದು ಕ್ರಮದಲ್ಲಿ ನೋಡಿಕೊಂಡು ಹೋಗಬೇಕು.

ಮೊದಲು ಕೆಸರು

ನಮ್ಮ ಮಲೆನಾಡಿನಲ್ಲಿ ನಡುಕಕ್ಕೆ ಅತಿ ಸುಲಭವಾದ, ಎಲ್ಲರೂ ಮರೆಯುವ ಕಾರಣ ಇದು. ತೋಟದ ಕೆಂಪುಮಣ್ಣು ಹಸಿಯಿದ್ದಾಗ ರಿಮ್ಮಿನ ಒಳಗೆ ಮೆತ್ತಿಕೊಂಡು, ಬಿಸಿಲಿಗೆ ಒಣಗಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಗಾಡಿ ತೊಳೆಯುವಾಗ ಹೊರಮೈಗೆ ನೀರು ಹೊಡೆಯುತ್ತೇವೆಯೇ ಹೊರತು ಚಕ್ರದ ಒಳಮೈಯನ್ನು ಬಗ್ಗಿ ನೋಡುವವರು ಕಡಿಮೆ. ತೋಟದಿಂದ ಹೊರಬಂದ ದಿನವೇ ಇದ್ದಕ್ಕಿದ್ದಂತೆ ನಡುಕ ಶುರುವಾದರೆ ಮೊದಲು ಒಂದು ಕೋಲು, ಒಂದು ಬಕೆಟ್ಟು ನೀರು ತೆಗೆದುಕೊಂಡು ನಾಲ್ಕೂ ಚಕ್ರದ ಒಳಮೈ ಕೆರೆದು ತೊಳೆಯಿರಿ. ಖರ್ಚಿಲ್ಲದ ಚಿಕಿತ್ಸೆ ಇದು.

ಲಾರಿಯ ಹಿಂದಿನ ಜೋಡಿ ಟೈರುಗಳ ನಡುವೆ ಜಲ್ಲಿಕಲ್ಲು ಸಿಕ್ಕಿಕೊಂಡಿದೆಯೇ ಎಂಬುದನ್ನೂ ಆಗಲೇ ನೋಡಬೇಕು. ಅದು ಎರಡೂ ಟೈರುಗಳ ಪಕ್ಕವನ್ನು ಕೊರೆಯುತ್ತದೆ. ವೇಗದಲ್ಲಿ ಸಿಡಿದರೆ ಹಿಂದೆ ಬರುವವರಿಗೂ ಅಪಾಯ.

ಎರಡನೆಯದು ಗಾಳಿ

ಗಾಳಿಯನ್ನು ಟೈರು ತಣ್ಣಗಿರುವಾಗಲೇ, ಗೇಜು ಇಟ್ಟೇ ನೋಡಬೇಕು. ಟೈರಿಗೆ ಒದ್ದು ನೋಡಿ, ಸ್ಪ್ಯಾನರಿನಿಂದ ಬಡಿದು ಸದ್ದು ಕೇಳಿ ಗಾಳಿ ಅಳೆಯುವ ಪದ್ಧತಿ ಇನ್ನೂ ಉಳಿದಿದೆ. ಅದರಿಂದ ಪೂರ್ತಿ ಇಳಿದ ಟೈರು ಗೊತ್ತಾದೀತೇ ಹೊರತು ಹತ್ತು ಹದಿನೈದು ಪೌಂಡು ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ಎಷ್ಟು ಗಾಳಿ ಬೇಕೆಂಬುದು ಗಾಡಿಯ ಪುಸ್ತಕದಲ್ಲಿ ಅಥವಾ ಬಾಗಿಲ ಬಳಿಯ ಪಟ್ಟಿಯಲ್ಲಿ ಇರುತ್ತದೆ. ಖಾಲಿ ಗಾಡಿಗೆ ಒಂದು ಲೆಕ್ಕ, ಲೋಡಿನ ಗಾಡಿಗೆ ಇನ್ನೊಂದು ಲೆಕ್ಕ ಕೊಟ್ಟಿದ್ದರೆ ಅದನ್ನು ಅನುಸರಿಸಬೇಕು.

ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಬಿಸಿಯಾಗುತ್ತವೆ. ಪದರ ಬಿಡಿಸಿಕೊಳ್ಳುವುದಕ್ಕೆ ಈ ಬಿಸಿಯೇ ಮುಖ್ಯ ಕಾರಣ. 50 ಕಿಲೋದ ಚೆರಿ ಚೀಲಗಳನ್ನು ಒಂದರ ಮೇಲೊಂದು ಹೇರಿ, ಗಾಳಿ ನೋಡದೆ ಘಾಟಿ ಇಳಿಸುವುದು ಟೈರನ್ನು ಕೈಯಾರೆ ಕೊಂದಂತೆ. ಓಡಿ ಬಿಸಿಯಾದ ಟೈರಿನಲ್ಲಿ ಗೇಜು ಹೆಚ್ಚು ತೋರಿಸುವುದು ಸಹಜ. ಆಗ ಗಾಳಿ ಬಿಡಬಾರದು.

ಮೂರನೆಯದು ನಟ್ಟು ಮತ್ತು ಬೇರಿಂಗು

ಚಕ್ರದ ನಟ್ಟುಗಳನ್ನು ಒಂದಾದ ಮೇಲೊಂದರಂತೆ ಸುತ್ತಲೂ ಬಿಗಿಯುತ್ತ ಹೋದರೆ ಚಕ್ರ ಹಬ್ಬಿನ ಮೇಲೆ ಓರೆಯಾಗಿ ಕೂರುತ್ತದೆ. ಒಂದನ್ನು ಬಿಗಿದ ಮೇಲೆ ಅದರ ಎದುರಿನದನ್ನು ಬಿಗಿಯಬೇಕು, ಎರಡು ಮೂರು ಸರದಿಯಲ್ಲಿ ಪೂರ್ತಿ ಮಾಡಬೇಕು. ಹಬ್ಬು ಮತ್ತು ರಿಮ್ಮು ಕೂಡುವ ಮೈಯಲ್ಲಿ ತುಕ್ಕು, ಮಣ್ಣು, ದಪ್ಪ ಬಣ್ಣ ಇರಬಾರದು. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರು ಓಡಿಸಿ ಮತ್ತೊಮ್ಮೆ ಬಿಗಿದು ನೋಡುವುದು ಕಡ್ಡಾಯವೆಂದು ತಿಳಿಯಿರಿ. ನಟ್ಟಿನ ತೂತಿನಿಂದ ತುಕ್ಕಿನ ಬಣ್ಣದ ಗೆರೆ ಇಳಿದಿದ್ದರೆ ಆ ನಟ್ಟು ಸಡಿಲವಾಗಿದೆ ಎಂದರ್ಥ.

ಬೇರಿಂಗು ನೋಡಲು ಮುಂದಿನ ಚಕ್ರವನ್ನು ಜಾಕಿನಲ್ಲಿ ಎತ್ತಬೇಕು. ಸಮನೆಲದ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಎತ್ತಿದ ಮೇಲೆ ಆಕ್ಸಲಿಗೆ ಮರದ ದಿಮ್ಮಿ ಕೊಟ್ಟೇ ಕೈ ಹಾಕಬೇಕು. ಜಾಕನ್ನೊಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಬಾರದು. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಸಿಕ್ಕರೆ ಇನ್ನೊಬ್ಬರಿಗೆ ಬ್ರೇಕು ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಗ ಆಟ ನಿಂತರೆ ಅದು ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟಿನದು. ಅದೇ ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿದಾಗ ಸಿಗುವ ಆಟ ಹೆಚ್ಚಾಗಿ ಟೈರಾಡ್ ಎಂಡಿನದು. ಈ ಆಟಗಳನ್ನು ಸರಿಪಡಿಸದೆ ಬ್ಯಾಲೆನ್ಸ್ ಮಾಡಿಸಿದರೆ ವಾರದಲ್ಲಿ ನಡುಕ ಮರಳಿ ಬರುತ್ತದೆ.

ನಾಲ್ಕನೆಯದು ದುಂಡುತನ

ಚಕ್ರ ಎತ್ತಿದ್ದಾಗಲೇ ಇನ್ನೆರಡು ಪರೀಕ್ಷೆ ಮಾಡಿಬಿಡಬಹುದು. ಟೈರಿನ ಎದುರು ಒಂದು ಇಟ್ಟಿಗೆ ಅಥವಾ ಡಬ್ಬದ ಮೇಲೆ ಕಡ್ಡಿಯೊಂದನ್ನು ಟೈರಿಗೆ ತಾಗಿಯೂ ತಾಗದಂತೆ ಇಟ್ಟು ಚಕ್ರವನ್ನು ಮೆಲ್ಲಗೆ ತಿರುಗಿಸಿ. ಕಡ್ಡಿಗೂ ಟೈರಿಗೂ ನಡುವಿನ ಸಂದು ಒಂದೇ ಸಮನಾಗಿದ್ದರೆ ಚಕ್ರ ದುಂಡಗಿದೆ. ಒಂದು ಕಡೆ ತಾಗಿ ಒಂದು ಕಡೆ ದೂರವಾದರೆ ಟೈರು ಏರುಪೇರು. ಕಡ್ಡಿಯನ್ನು ರಿಮ್ಮಿನ ಅಂಚಿಗೆ ಹಿಡಿದು ತಿರುಗಿಸಿದರೆ ಬಾಗಿದ ರಿಮ್ಮು ತಿಳಿಯುತ್ತದೆ. ದುಂಡಗಿಲ್ಲದ ಚಕ್ರಕ್ಕೆ ತೂಕ ಕಟ್ಟಿ ಯಂತ್ರದ ಮುಳ್ಳನ್ನು ಸೊನ್ನೆಗೆ ತರಬಹುದು, ರಸ್ತೆಯ ಮೇಲೆ ಅದು ಕುಂಟುವುದು ತಪ್ಪುವುದಿಲ್ಲ.

ಇನ್ನೊಂದು ಪರೀಕ್ಷೆ ಭಾರದ್ದು. ಮುಂದಿನ ಚಕ್ರ ಬ್ರೇಕು ಹಿಡಿಯದೆ ಸರಾಗವಾಗಿ ತಿರುಗುವಂತಿದ್ದರೆ ಮೆಲ್ಲಗೆ ತಿರುಗಿಸಿ ತಾನಾಗಿ ನಿಲ್ಲಲು ಬಿಡಿ. ನಿಂತಾಗ ಕೆಳಗಿರುವ ಜಾಗಕ್ಕೆ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿ. ಹೀಗೆ ಮೂರು ನಾಲ್ಕು ಸಲ ಮಾಡಿ. ಗುರುತುಗಳು ಚದುರಿದ್ದರೆ ಒಳ್ಳೆಯದು. ಪ್ರತಿಸಲವೂ ಅದೇ ಜಾಗ ಕೆಳಗೆ ಬಂದು ನಿಂತರೆ ಭಾರ ಅಲ್ಲಿದೆ.

ಟೈರಿನ ಸವೆತವೂ ಮಾತನಾಡುತ್ತದೆ

ಟೈರಿನ ಪಟ್ಟಿಯನ್ನು ಓದಲು ಬಂದರೆ ಅರ್ಧ ರೋಗ ತಿಳಿದಂತೆಯೇ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಅಥವಾ ಲೋಡು ವಿಪರೀತ. ಒಂದೇ ಅಂಚು ಸವೆದಿದ್ದರೆ, ಅಥವಾ ಅಡ್ಡಕ್ಕೆ ಸವರಿದಾಗ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ಸಿಕ್ಕರೆ ಅಲೈನ್‌ಮೆಂಟು ತಪ್ಪಿದೆ. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಸಮತೂಕ ತಪ್ಪಿದೆ, ಇಲ್ಲವೇ ಶಾಕ್ ಅಬ್ಸಾರ್ಬರು ಕೈಕೊಟ್ಟಿದೆ. ಒಂದೇ ಜಾಗದಲ್ಲಿ ಚಪ್ಪಟೆಯಾಗಿದ್ದರೆ ಗಟ್ಟಿಯಾಗಿ ಬ್ರೇಕು ಹಾಕಿ ಚಕ್ರ ಎಳೆದುಕೊಂಡು ಹೋದ ಗುರುತು.

ಒಮ್ಮೆ ಬಟ್ಟಲು ಬಿದ್ದ ಟೈರು ಆಮೇಲೆ ಬ್ಯಾಲೆನ್ಸ್ ಮಾಡಿಸಿದರೂ ಪೂರ್ತಿ ಸುಮ್ಮನಾಗುವುದಿಲ್ಲ. ಈ ಕಾರಣಕ್ಕೇ ನಡುಕವನ್ನು ಶುರುವಿನಲ್ಲೇ ಹಿಡಿಯಬೇಕೆನ್ನುವುದು.

ಪಟ್ಟಿಯ ಆಳದ ಬಗ್ಗೆ ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಲಾರಿ, ಪಿಕಪ್, ಕಾರುಗಳ ಟೈರಿನ ಪಟ್ಟಿ 1.6 ಮಿಲಿಮೀಟರಿಗಿಂತ ಕಡಿಮೆ ಆಗಿರಬಾರದು. ಮಳೆಗಾಲದ ಘಾಟಿಗೆ ಅದೂ ಸಾಲದು. ಕಾನೂನಿನ ಅಳತೆ ಮುಟ್ಟುವ ಮೊದಲೇ ಬದಲಿಸುವುದು ಬುದ್ಧಿವಂತಿಕೆ. ಟೈರಿನ ವಯಸ್ಸನ್ನೂ ನೋಡಿಕೊಳ್ಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಯ ಗುರುತು ಇರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಅಗ್ಗವೆಂದು ಕೊಂಡ ಟೈರು ಅಂಗಡಿಯಲ್ಲಿಯೇ ಮುದಿಯಾಗಿರಬಾರದಲ್ಲವೇ?

ಪಂಕ್ಚರು, ರೀಸೋಲು, ಜೋಡಿ ಟೈರು

ಒಂದು ಪಂಕ್ಚರಿನಿಂದ ಸಮತೂಕ ಹೇಗೆ ತಪ್ಪುತ್ತದೆಂಬುದು ಬಹಳ ಮಂದಿಗೆ ತಿಳಿಯದು. ಟೈರನ್ನು ರಿಮ್ಮಿನಿಂದ ಬಿಚ್ಚುವ ಮೊದಲು ವಾಲ್ವಿನ ನೇರಕ್ಕೆ ಟೈರಿನ ಮೇಲೆ ಗುರುತು ಹಾಕಿಕೊಳ್ಳಬೇಕು. ಮತ್ತೆ ಹಾಕುವಾಗ ಅದೇ ಗುರುತನ್ನು ವಾಲ್ವಿಗೆ ಕೂಡಿಸಿದರೆ ಹಳೆಯ ಸಮತೂಕ ಹೆಚ್ಚು ಕಡಿಮೆ ಉಳಿಯುತ್ತದೆ. ಹೇಗೆಂದರೆ ಹಾಗೆ ಹಾಕಿದರೆ ಮೊದಲು ಕಟ್ಟಿದ ತೂಕವೇ ಈಗ ಶತ್ರುವಾಗುತ್ತದೆ. ಹೊಸ ಟೈರುಗಳ ಮೇಲೆ ಹಳದಿ ಚುಕ್ಕೆಯಿದ್ದರೆ ಅದು ಟೈರಿನ ಹಗುರವಾದ ಜಾಗ. ವಾಲ್ವು ಭಾರವಾದ್ದರಿಂದ ಚುಕ್ಕೆಯನ್ನು ವಾಲ್ವಿನ ನೇರಕ್ಕೆ ಕೂರಿಸಬೇಕು. ಪಂಕ್ಚರ್ ಅಂಗಡಿಯವರಿಗೆ ಈ ಎರಡು ಮಾತು ಹೇಳಿ ನಿಂತು ಮಾಡಿಸಿದರೆ ಕಾಸು ಹೆಚ್ಚು ಬೀಳುವುದಿಲ್ಲ. ಟ್ಯೂಬಿಲ್ಲದ ಟೈರಿನವರು ಗಾಳಿಯ ಜೊತೆ ನೀರು ಒಳಹೋಗದಂತೆ ನೋಡಿಕೊಳ್ಳಬೇಕು. ಕಂಪ್ರೆಸರಿನ ತೊಟ್ಟಿಯಲ್ಲಿ ನೀರು ಕೂಡಿದ್ದರೆ ಅದು ಟೈರಿನೊಳಗೆ ಸೇರಿ ಹೊರಳಾಡುತ್ತ ಎಲ್ಲಿಯೂ ನಿಲ್ಲದ ನಡುಕ ತರುತ್ತದೆ.

ರೀಸೋಲ್ ಟೈರು ಸಣ್ಣ ಬೆಳೆಗಾರನಿಗೆ ಅನುಕೂಲವೇ. ಆದರೆ ಅದನ್ನು ಹಿಂದಿನ ಚಕ್ರಕ್ಕೆ ಮಾತ್ರ ಇಟ್ಟುಕೊಳ್ಳಬೇಕು. ಒಳಗೆ ಗೇಟರು ಹಾಕಿದ ಟೈರಿಗೂ ಇದೇ ಮಾತು. ಗೇಟರಿನ ತೂಕ ಒಂದೇ ಕಡೆ ಬೀಳುತ್ತದೆ, ಅಲ್ಲದೆ ಮುಂದಿನ ಟೈರು ಒಡೆದರೆ ಸ್ಟೀರಿಂಗು ಕೈಗೆ ಸಿಗುವುದಿಲ್ಲ. ರೇಡಿಯಲ್ ಟೈರನ್ನೂ ನೈಲಾನ್ ಟೈರನ್ನೂ ಒಂದೇ ಆಕ್ಸಲಿಗೆ ಬೆರೆಸಬಾರದು.

ಲಾರಿಯ ಹಿಂದಿನ ಜೋಡಿ ಟೈರುಗಳು ಎತ್ತರದಲ್ಲಿ ಸಮನಾಗಿರಬೇಕು. ಹೊಸದನ್ನು ಸವೆದದ್ದರ ಜೊತೆ ಹಾಕಿದರೆ ದೊಡ್ಡದು ಇಬ್ಬರ ಭಾರವನ್ನು ತಾನೇ ಹೊರುತ್ತದೆ, ಚಿಕ್ಕದು ನೆಲಕ್ಕೆ ಉಜ್ಜುತ್ತ ಸವೆಯುತ್ತದೆ. ಕುಳ್ಳ ಎತ್ತನ್ನು ಎತ್ತರದ ಎತ್ತಿನ ಜೊತೆ ನೊಗಕ್ಕೆ ಕಟ್ಟಿದರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ. ಅಲ್ಪ ವ್ಯತ್ಯಾಸ ತಪ್ಪಿಸಲಾಗದಿದ್ದರೆ ದೊಡ್ಡದನ್ನು ಹೊರಗಡೆಗೆ ಹಾಕುವುದು ರೂಢಿ.

ಇಲ್ಲಿ ಒಂದು ಎಚ್ಚರಿಕೆ. ಟ್ಯೂಬಿರುವ ಲಾರಿ ಟೈರಿನ ರಿಮ್ಮಿಗೆ ಲಾಕ್ ರಿಂಗ್ ಇರುತ್ತದೆ. ಗಾಳಿ ತುಂಬುವಾಗ ಆ ರಿಂಗು ಸರಿಯಾಗಿ ಕೂರದೆ ಹಾರಿದರೆ ಎದುರಿಗಿದ್ದವರ ಜೀವವನ್ನೇ ತೆಗೆಯುತ್ತದೆ. ರಿಂಗಿರುವ ಪಕ್ಕವನ್ನು ಕಬ್ಬಿಣದ ಪಂಜರದೊಳಗಿಟ್ಟು, ಅದಿಲ್ಲದಿದ್ದರೆ ಬಲವಾದ ಸರಪಳಿ ಸುತ್ತಿ, ಉದ್ದ ಪೈಪಿನಿಂದ, ಪಕ್ಕಕ್ಕೆ ನಿಂತು ಗಾಳಿ ತುಂಬಬೇಕು. ಬಾಗಿದ, ತುಕ್ಕು ತಿಂದ ರಿಂಗನ್ನು ಮತ್ತೆ ಬಳಸಬಾರದು. ತೋಟದ ಹುಡುಗರಿಗೆ ಈ ಕೆಲಸ ಒಪ್ಪಿಸಬೇಡಿ. ತಿಳಿದವರಿಂದಲೇ ಮಾಡಿಸಿ.

ಕೊನೆಗೆ ಯಂತ್ರ

ಇಷ್ಟೆಲ್ಲ ನೋಡಿಯೂ ನಡುಕ ಉಳಿದರೆ ಬ್ಯಾಲೆನ್ಸ್ ಮಾಡುವ ಯಂತ್ರವಿರುವ ಅಂಗಡಿಗೆ ಹೋಗಬೇಕು. ಲಾರಿಯ ಚಕ್ರ ಹಿಡಿಯುವ ಯಂತ್ರ ಎಲ್ಲ ಅಂಗಡಿಗಳಲ್ಲಿ ಇರುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅಲ್ಲಿ ಕೇಳಿ ಮಾಡಿಸಬೇಕಾದ ಕೆಲಸಗಳಿವು. ಚಕ್ರವನ್ನು ಪೂರ್ತಿ ತೊಳೆದ ಮೇಲೆ ಯಂತ್ರಕ್ಕೆ ಹಾಕಬೇಕು. ಹಳೆಯ ತೂಕಗಳನ್ನೆಲ್ಲ ಕಿತ್ತು ಹೊಸದಾಗಿ ಅಳೆಯಬೇಕು. ರಿಮ್ಮಿನ ಒಳಮೈ ಹೊರಮೈ ಎರಡಕ್ಕೂ ತೂಕ ನೋಡಬೇಕು. ತೂಕ ಕಟ್ಟಿದ ಮೇಲೆ ಮತ್ತೊಮ್ಮೆ ತಿರುಗಿಸಿ ಎರಡೂ ಬದಿ ಸೊನ್ನೆ ಬಂದದ್ದನ್ನು ನಮಗೆ ತೋರಿಸಬೇಕು. ಯಂತ್ರ ವಿಪರೀತ ತೂಕ ಕೇಳಿದರೆ ಅಷ್ಟನ್ನೂ ಜೋಡಿಸದೆ, ಗಾಳಿ ಬಿಟ್ಟು ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಟೈರಿನ ಭಾರವೂ ರಿಮ್ಮಿನ ಭಾರವೂ ಒಂದೇ ಕಡೆ ಬಿದ್ದಿದ್ದರೆ ಇದರಿಂದಲೇ ಬಹುಪಾಲು ಸರಿಹೋಗುತ್ತದೆ.

ಹೊರದೇಶದ ಉದ್ದದಾರಿಯ ಲಾರಿಗಳವರು ತೂಕ ಕಟ್ಟುವ ಬದಲು ಟೈರಿನೊಳಗೆ ಸಣ್ಣ ಗಾಜಿನ ಮಣಿಗಳನ್ನು ಹಾಕುವುದುಂಟು. ಚಕ್ರ ವೇಗವಾಗಿ ತಿರುಗುವಾಗ ಮಣಿಗಳು ತಾವಾಗಿ ಹಂಚಿಕೊಂಡು ಸಮತೂಕ ಕೊಡುತ್ತವೆ. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವವರಿಗೆ ಅದು ಸರಿ. ಇಪ್ಪತ್ತು ಮೂವತ್ತರ ವೇಗದಲ್ಲಿ ನಿಂತು ಹೊರಟು ಸಾಗುವ ನಮ್ಮ ದಾರಿಗೆ ಹೇಳಿದ್ದಲ್ಲ.

ಹೊಸ ಟೈರು ಹಾಕಿದಾಗ, ಟೈರು ಬಿಚ್ಚಿ ಹಾಕಿದಾಗ, ರೀಸೋಲ್ ಮಾಡಿಸಿದಾಗ, ಗುಂಡಿಗೆ ಜೋರಾಗಿ ಬಿದ್ದಾಗ, ಇವೇನೂ ಇಲ್ಲದಿದ್ದರೆ ಸುಮಾರು 10,000 ಕಿಲೋಮೀಟರಿಗೊಮ್ಮೆ ಬ್ಯಾಲೆನ್ಸ್ ನೋಡಿಸುವುದು ವಾಡಿಕೆ. ನಮಗೆ ಸುಲಭವಾದ ಲೆಕ್ಕವೆಂದರೆ ವರ್ಷಕ್ಕೊಮ್ಮೆ, ಮಳೆ ಹಿಂದೆಗೆದು ಕೊಯ್ಲು ಶುರುವಾಗುವ ಮೊದಲು. ಪಲ್ಪರಿಗೆ ಎಣ್ಣೆ ಬಿಡುವ, ಒಣಗಿಸುವ ಕಣ ಸಾರಿಸುವ ದಿನಗಳಲ್ಲೇ ಗಾಡಿಯ ಚಕ್ರದ ಕೆಲಸವನ್ನೂ ಸೇರಿಸಿಕೊಳ್ಳಬಹುದು.

ಡ್ರೈವರನಿಗೆ ಬರೆದುಕೊಡಬೇಕಾದ ಪಟ್ಟಿ

1. ದಿನ ಬೆಳಿಗ್ಗೆ ಗಾಡಿಯ ಸುತ್ತ ಒಮ್ಮೆ ನಡೆದು ಟೈರು, ನಟ್ಟು, ಜೋಡಿ ಟೈರಿನ ನಡುವಿನ ಕಲ್ಲು ನೋಡುವುದು.
2. ಕೆಸರಿನಲ್ಲಿ ಓಡಿದ ದಿನ ಸಂಜೆಯೇ, ಮಣ್ಣು ಒಣಗುವ ಮೊದಲು, ಚಕ್ರದ ಒಳಮೈ ತೊಳೆಯುವುದು.
3. ವಾರಕ್ಕೊಮ್ಮೆ ತಣ್ಣಗಿರುವ ಟೈರಿಗೆ ಗೇಜು ಇಟ್ಟು ಗಾಳಿ ನೋಡುವುದು. ಸ್ಟೆಪ್ನಿಯನ್ನು ಮರೆಯದಿರುವುದು.
4. ಚಕ್ರ ಬಿಚ್ಚಿ ಹಾಕಿದರೆ 50ರಿಂದ 100 ಕಿಲೋಮೀಟರಿಗೆ ನಟ್ಟು ಮತ್ತೆ ಬಿಗಿಯುವುದು.
5. ನಡುಕ ಬಂದರೆ ಯಾವ ವೇಗ, ಎಲ್ಲಿ, ಬ್ರೇಕಿಗೋ ಆಕ್ಸಿಲರೇಟರಿಗೋ ಎಂದು ಆ ದಿನವೇ ತಿಳಿಸುವುದು.
6. ಟೈರಿನಲ್ಲಿ ಉಬ್ಬು ಕಂಡರೆ, ಅಥವಾ ನಡುಕ ದಿನೇ ದಿನೇ ಹೆಚ್ಚಿದರೆ ಲೋಡು ಹಾಕದಿರುವುದು.

ಈ ಪಟ್ಟಿಯ ಐದನೆಯ ಅಂಶ ಡ್ರೈವರನ ಮೇಲಷ್ಟೇ ನಿಂತಿಲ್ಲ, ಗಾಡಿಯ ಯಜಮಾನನ ಮೇಲೂ ನಿಂತಿದೆ. ಹೇಳಿದಾಗಲೆಲ್ಲ ಗದರಿಸಿಕೊಂಡ ಡ್ರೈವರು ನಾಲ್ಕನೆಯ ಸಲ ಹೇಳುವುದಿಲ್ಲ. ಸ್ಟೀರಿಂಗಿನ ಅದುರನ್ನು ಗಟ್ಟಿಯಾಗಿ ಹಿಡಿದು ಅಡಗಿಸಿಕೊಂಡೇ ಘಾಟಿ ಇಳಿಯುತ್ತಾನೆ. ಆ ಗಾಡಿಯಲ್ಲಿ ನಮ್ಮ ವರ್ಷದ ಬೆಳೆ ಇರುತ್ತದೆ, ಅದರ ಮುಂದಿನ ಸೀಟಿನಲ್ಲಿ ಇಬ್ಬರು ಮನುಷ್ಯರು ಕೂತಿರುತ್ತಾರೆ. ಆದ್ದರಿಂದ ನಡುಕದ ಸುದ್ದಿ ತಂದವನನ್ನು ಸುಮ್ಮನಿರಿಸದೆ ಆ ಸಂಜೆಯೇ ಜಾಕು ತೆಗೆಸಿ, ಚಕ್ರ ಎತ್ತಿಸಿ ನೋಡುವ ಪದ್ಧತಿಯನ್ನು ನಮ್ಮ ಸದಸ್ಯ ಬಾಂಧವರು ಬೆಳೆಸಿಕೊಳ್ಳಬೇಕೆಂದು ಕೋರುತ್ತೇವೆ.